ಕದನ ಅರ್ಧ ಗಂಟೆ, ಪಾಳೆಯ ಎರಡು ರಾತ್ರಿ: ಮೊದಲ ಸಲ ಹೋಗಿ ಬಂದವನ ಪ್ರಶ್ನೆಗಳು

ಕಂಬಳಿಸುರುಳಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಇದ್ದವನು ನಾನು. ಹೋದ ವಾರ ಕೊನೆಗೂ ಒಂದು ಅಮೆರಿಕನ್ ಸಿವಿಲ್ ವಾರ್ ರೀಎನಾಕ್ಟ್‌ಮೆಂಟ್‌ಗೆ ಹೋಗಿ ಬಂದೆ. 1860ರ ದಶಕದಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ನಡೆದ ಆ ಯುದ್ಧವನ್ನು ವೇಷ ಹಾಕಿ ಮತ್ತೆ ಆಡಿ ತೋರಿಸುವ ಕೂಟ ಅದು. ನೋಡೋಕೆ ಹೋಗಿದ್ದಲ್ಲ, ಸಿಪಾಯಿಯಾಗಿಯೇ ಹೋಗಿದ್ದೆ. ಯೂನಿಯನ್ ಕಡೆಯ, ಅಂದರೆ ಉತ್ತರದವರ, ಒಂದು ಕಾಲಾಳು ತುಕಡಿ ನನ್ನನ್ನು ಸೇರಿಸಿಕೊಂಡಿತು. ನೀಲಿ ಕೋಟು, ಟೋಪಿ, ಬಂದೂಕು, ತಗಡಿನ ನೀರಿನ ಡಬ್ಬಿ ಎಲ್ಲ ಅವರೇ ಕೊಟ್ಟರು. ನನ್ನದು ಅಂತ ಇದ್ದದ್ದು ಕನ್ನಡಕ, ಪಾದ ಮತ್ತು ಹುಮ್ಮಸ್ಸು. ಎರಡನೇ ದಿನದ ಹೊತ್ತಿಗೆ ಮೂರೂ ಕೆಟ್ಟಿದ್ದವು.

ಕದನ ಅಂತ ನಡೆದದ್ದು ಅರ್ಧ ಗಂಟೆ. ಡ್ರಿಲ್ ಸರಿಯಾಗಿ ಬರುವವರೆಗೆ ಮದ್ದು ಮುಟ್ಟುವ ಹಾಗಿಲ್ಲ ಅಂತ ನನಗೆ ಒಂದು ತೋಟೆಯನ್ನೂ ಕೊಡಲಿಲ್ಲ. ಹಿಂದಿನ ಸಾಲಿನಲ್ಲಿ ನಿಂತು ಹೊಗೆ ಕುಡಿದೆ. ಬೀಳು ಅಂದಾಗ ಬಿದ್ದೆ. ಬಿದ್ದ ಜಾಗದಲ್ಲಿ ಇರುವೆ ಗೂಡಿತ್ತು. ಸತ್ತವನು ಕೆರೆದುಕೊಳ್ಳಬಹುದಾ ಅಂತ ಕೇಳೋಣ ಅಂದರೆ ಅಕ್ಕಪಕ್ಕದವರೆಲ್ಲ ಸತ್ತಿದ್ದರು.

ಉಳಿದ ಹೊತ್ತೆಲ್ಲ ಪಾಳೆಯ. ಡೇರೆಯ ಅರ್ಧ ಬಟ್ಟೆ ನನ್ನ ಹತ್ತಿರ, ಇನ್ನರ್ಧ ಜೊತೆಗಾರನ ಹತ್ತಿರ. ಎರಡನ್ನೂ ಗುಂಡಿ ಹಾಕಿ ಜೋಡಿಸಿದರೆ ಇಬ್ಬರಿಗೆ ಒಂದು ಸೂರು. ಮೊದಲ ರಾತ್ರಿ ಎರಡು ಗಂಟೆಗೆ ಮಳೆ ಹಿಡಿಯಿತು. ಒಳಗೆ ಒದ್ದೆಯಾಗಿದೆಯಾ ಅಂತ ಬಟ್ಟೆಗೆ ಬೆರಳಿಟ್ಟು ನೋಡಿದೆ. ಬೆರಳಿಟ್ಟ ಜಾಗದಿಂದ ಬೆಳಗಿನ ತನಕ ತೊಟ್ಟಿಕ್ಕಿತು, ಅದೂ ಜೊತೆಗಾರನ ಕಿವಿಯ ಮೇಲೆ. ಅವನು ಆಮೇಲೆ ನನ್ನ ಹತ್ತಿರ ಮಾತಾಡಲಿಲ್ಲ.

ಈಗ ಪ್ರಶ್ನೆಗಳು. ಬೂಟು ಯಾವುದು ತಗೊಳ್ಳಲಿ? ಚಳಿಗೆ ಏನು ಮಾಡುತ್ತೀರಿ? ಕನ್ನಡಕಕ್ಕೆ ದಾರಿ ಏನು? ಕೊನೆಯದು ಪ್ರಶ್ನೆಯೋ ಅನುಮಾನವೋ ಗೊತ್ತಿಲ್ಲ. ಮನೆಗೆ ಬಂದ ಮೇಲೆ ಆ ಕದನ ಒಂದು ಸಲವೂ ನೆನಪಿಗೆ ಬರಲಿಲ್ಲ. ಬರುತ್ತಿರುವುದೆಲ್ಲ ಆ ಒದ್ದೆ ಉಣ್ಣೆಯ ವಾಸನೆ, ಬೆಂಕಿ ಸುತ್ತ ಕೂತಿದ್ದವರ ಮಾತು, ಮಾಡೋಕೆ ಏನೂ ಕೆಲಸವಿಲ್ಲದೆ ಕಳೆದ ಮಧ್ಯಾಹ್ನ. ಇದು ಎಲ್ಲರಿಗೂ ಹೀಗೇನಾ?

ಹಳೇಬೂಟು

ಬನ್ನಿ ಬನ್ನಿ. ಬೆರಳಿಡುವ ತಪ್ಪು ನಾವೆಲ್ಲ ಮಾಡಿದ್ದೇ. ಕ್ಯಾನ್ವಾಸ್ ನೆನೆದಾಗ ನೂಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ, ನೀರು ಹೊರಮೈ ಮೇಲೆಯೇ ಜಾರಿ ಹೋಗುತ್ತದೆ. ಒಳಗಿನಿಂದ ಮುಟ್ಟಿದರೆ ಆ ಚುಕ್ಕೆಯಲ್ಲಿ ನೀರಿಗೆ ದಾರಿ ಮಾಡಿಕೊಟ್ಟ ಹಾಗೆ. ಭುಜ, ಮೊಣಕೈ, ಚೀಲ ಯಾವುದೂ ಬಟ್ಟೆಗೆ ತಾಗಬಾರದು.

ಬೂಟಿನ ಬಗ್ಗೆ. ಕೋಟು ಸಾಲ ಸಿಗುತ್ತದೆ, ಬಂದೂಕು ಸಾಲ ಸಿಗುತ್ತದೆ, ಪಾದ ಸಿಗುವುದಿಲ್ಲ. ಅದಕ್ಕೇ ಮೊದಲು ಬೂಟು ಕೊಳ್ಳಿ. ಕಣಕಾಲಿನವರೆಗೆ ಬರುವ ಚರ್ಮದ ಬೂಟು, ನಾವು ಬ್ರೋಗನ್ ಅನ್ನುವುದು. ಚರ್ಮದ ಅಟ್ಟೆ, ಹಿಮ್ಮಡಿಗೆ ಕಬ್ಬಿಣದ ಲಾಳ. ತಂದ ತಕ್ಷಣ ಪಾಳೆಯಕ್ಕೆ ಹಾಕಿಕೊಂಡು ಹೋಗಬೇಡಿ. ಒಂದು ತಿಂಗಳು ಮನೆಯಲ್ಲಿ, ಅಂಗಳದಲ್ಲಿ, ಮೆಟ್ಟಿಲ ಮೇಲೆ ಹಾಕಿ ಓಡಾಡಿ. ಒದ್ದೆ ಹುಲ್ಲಿನ ಮೇಲೆ ಇದು ಜಾರುತ್ತದೆ, ಗೊತ್ತಿರಲಿ. ಒಳಗೆ ಉಣ್ಣೆಯ ಕಾಲುಚೀಲ. ಹತ್ತಿಯದು ಬೆವರು ಹಿಡಿದು ಗುಳ್ಳೆ ಎಬ್ಬಿಸುತ್ತದೆ.

ಚಳಿಯ ಬಗ್ಗೆ ಹೊಸಬರು ಮಾಡುವ ತಪ್ಪು ಒಂದೇ. ಇರುವ ಕಂಬಳಿಯನ್ನೆಲ್ಲ ಮೇಲೆ ಹೊದೆಯುತ್ತಾರೆ. ಬಿಸಿ ಹೋಗುವುದು ಕೆಳಗಿನಿಂದ. ಮೊದಲು ಒಣಹುಲ್ಲು ಅಥವಾ ಎಲೆ, ಅದರ ಮೇಲೆ ರಬ್ಬರ್ ಹಚ್ಚಿದ ಬಟ್ಟೆ, ಆಮೇಲೆ ನೀವು, ಆಮೇಲೆ ಉಣ್ಣೆ ಕಂಬಳಿ. ಮಲಗುವ ಮುಂಚೆ ಕಾಲುಚೀಲ ಬದಲಿಸಿ. ಆ ಕಾಲದವರು ಇನ್ನೂ ಒಂದು ಮಾಡುತ್ತಿದ್ದರು. ಚಮಚ ಜೋಡಿಸಿದ ಹಾಗೆ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ಮಲಗುವುದು. ಒಬ್ಬ ಮಗ್ಗುಲು ಬದಲಿಸಬೇಕು ಅಂದರೆ ಸಾಲಿಗೆ ಸಾಲೇ ತಿರುಗಬೇಕು. ನಾಚಿಕೆ ಎಲ್ಲ ಬೆಳಗಿನ ಜಾವ ಮೂರು ಗಂಟೆಯ ತನಕ ಮಾತ್ರ, ಆಮೇಲೆ ನೀವೇ ಹತ್ತಿರ ಸರಿಯುತ್ತೀರಿ.

ಕನ್ನಡಕಕ್ಕೆ ಆ ಕಾಲದ ಮಾದರಿಯ ಸಣ್ಣ ತಂತಿ ಚೌಕಟ್ಟು ಸಿಗುತ್ತದೆ. ನಿಮ್ಮ ನಂಬರಿನ ಗಾಜು ಹಾಕಿಸಿಕೊಳ್ಳಿ. ಅಲ್ಲಿಯವರೆಗೆ ಇದ್ದದ್ದೇ ಹಾಕಿಕೊಳ್ಳಿ. ಬಂದೂಕು ಹಿಡಿದವನಿಗೆ ಕಣ್ಣು ಕಾಣದಿದ್ದರೆ ಅದಕ್ಕಿಂತ ದೊಡ್ಡ ಅಪಾಯ ಬೇರೆ ಇಲ್ಲ.

ಕೊನೆಯ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದಕ್ಕೆ ಕೂತು ಬರೆಯಬೇಕು.

ಮಸಿಪಾತ್ರೆ

ಊಟದ ಬಗ್ಗೆ ಯಾರೂ ಕೇಳಲೇ ಇಲ್ಲ, ನಾನೇ ಹೇಳಿಬಿಡುತ್ತೇನೆ.

ಕಬ್ಬಿಣದ ಕಡಲೆ ಅಂತಾರಲ್ಲ, ಹಾರ್ಡ್‌ಟ್ಯಾಕ್ ಅಂದರೆ ಕಬ್ಬಿಣದ ಬಿಸ್ಕೆಟ್. ಸಿಪಾಯಿಗಳೇ ಇದನ್ನು ತಗಡು ಬಿಸ್ಕೆಟ್, ಹಲ್ಲು ಸವೆಸುವುದು, ಹುಳುವಿನ ಕೋಟೆ ಅಂತೆಲ್ಲ ಕರೆಯುತ್ತಿದ್ದರು. ಮೈದಾಹಿಟ್ಟು, ನೀರು, ಬೇಕಿದ್ದರೆ ಒಂದು ಚಿಟಿಕೆ ಉಪ್ಪು. ಸುಮಾರು 3 ಇಂಚು ಚೌಕ, ಅರ್ಧ ಇಂಚು ದಪ್ಪ. ಮೇಲೆ ಸಾಲಾಗಿ ತೂತು ಹಾಕಿ ಸಣ್ಣ ಉರಿಯಲ್ಲಿ ತುಂಬ ಹೊತ್ತು ಬೇಯಿಸಿ, ಆಮೇಲೆ ದಿನಗಟ್ಟಲೆ ಒಣಗಲು ಬಿಡಿ. ಮೆತ್ತಗಿದ್ದರೆ ಬೂಸ್ಟು ಹಿಡಿಯುತ್ತದೆ. ನಡಿಗೆಯಲ್ಲಿದ್ದ ಯೂನಿಯನ್ ಸಿಪಾಯಿಗೆ ದಿನಕ್ಕೆ ಸಿಗುತ್ತಿದ್ದದ್ದು ಇಂಥ ಒಂಬತ್ತೋ ಹತ್ತೋ ಬಿಸ್ಕೆಟ್, ಮುಕ್ಕಾಲು ಪೌಂಡ್ ಉಪ್ಪು ಹಾಕಿದ ಹಂದಿಮಾಂಸ, ಸಕ್ಕರೆ, ಉಪ್ಪು, ಕಾಫಿ.

ಹಾಗೇ ಕಚ್ಚಲು ಹೋಗಬೇಡಿ. ಚೀಲದಲ್ಲಿ ಹಾಕಿ ಬಂದೂಕಿನ ಹಿಂಭಾಗದಿಂದ ಜಜ್ಜಿ, ನೀರಲ್ಲಿ ನೆನೆಸಿ, ಹಂದಿ ಕೊಬ್ಬಿನಲ್ಲಿ ಹುರಿಯಿರಿ. ಅವರು ಅದಕ್ಕೆ ಸ್ಕಿಲಿಗಲೀ ಅನ್ನುತ್ತಿದ್ದರು. ಇಲ್ಲವಾದರೆ ಬಿಸಿ ಕಾಫಿಗೆ ಹಾಕಿ. ಆಗಿನ ಬಿಸ್ಕೆಟ್‌ನಲ್ಲಿ ಹುಳ ಇದ್ದರೆ ಕಾಫಿಯ ಮೇಲೆ ತೇಲಿ ಬರುತ್ತಿತ್ತು, ಚಮಚದಲ್ಲಿ ತೆಗೆದು ಎಸೆದು ಕುಡಿಯುತ್ತಿದ್ದರು. ರುಚಿ ಕೆಡುತ್ತಿರಲಿಲ್ಲವಂತೆ.

ಕಾಫಿಯ ಲೆಕ್ಕ ನೋಡಿ. 100 ಜನರ ಒಂದು ದಿನದ ಪಡಿಗೆ 10 ಪೌಂಡ್ ಹಸಿ ಬೀಜ, ಹುರಿದು ಪುಡಿ ಮಾಡಿದ್ದಾದರೆ 8 ಪೌಂಡ್. ತಲೆಗೆ ಹೆಚ್ಚುಕಡಿಮೆ 45 ಗ್ರಾಂ ಹಸಿ ಬೀಜ. ಕಡಿಮೆಯೇನಲ್ಲ! ಹಸಿ ಬೀಜ ಸಿಕ್ಕರೆ ಬಾಣಲೆಯಲ್ಲಿ ಹುರಿದು, ಬಟ್ಟೆಯಲ್ಲಿ ಸುತ್ತಿ ಜಜ್ಜಿ, ನೀರಿಗೆ ಹಾಕಿ ಕುದಿಸುವುದು. ಸೋಸುವ ಗೋಜಿಲ್ಲ. ಎದುರು ಪಕ್ಷದ, ಅಂದರೆ ದಕ್ಷಿಣದ, ಕಾನ್ಫೆಡರೇಟ್‌ಗಳಿಗೆ ಬಂದರುಗಳ ದಿಗ್ಬಂಧನದಿಂದ ಕಾಫಿಯೇ ಸಿಗುತ್ತಿರಲಿಲ್ಲ. ಅವರು ಚಿಕೋರಿ, ರೈ ಧಾನ್ಯ, ಗೆಣಸು, ಓಕ್ ಕಾಯಿ ಎಲ್ಲ ಹುರಿದು ಕುಡಿದರು. ಅವರ ಹತ್ತಿರ ತಂಬಾಕು ಇತ್ತು, ಇವರ ಹತ್ತಿರ ಕಾಫಿ. ಗುಂಡು ಹಾರದ ದಿನ ಕಾವಲಿನವರೇ ಗುಟ್ಟಾಗಿ ಅದಲುಬದಲು ಮಾಡಿಕೊಳ್ಳುತ್ತಿದ್ದರು.

ನಾನು ಮಾತ್ರ ಮಾಂಸವನ್ನು ಐಸ್ ಬಾಕ್ಸ್‌ನಲ್ಲೇ ತರುತ್ತೇನೆ. ಮೇಲೊಂದು ಕಂಬಳಿ ಮುಚ್ಚುತ್ತೇನೆ. ಬೈಯುವವರು ಬೈಯಿರಿ.

ಹಳೇಬೂಟು

ಬೈಯುತ್ತೇನೆ. ಐಸ್ ಬಾಕ್ಸ್ ಇಟ್ಟ ಡೇರೆಗೆ ನಮ್ಮ ಭಾಷೆಯಲ್ಲಿ ಒಂದೇ ಹೆಸರು, ಫಾರ್ಬ್. (ಹೊಸಬರಿಗೆ: ಕಾಲಕ್ಕೆ ಹೊಂದದ ಸಾಮಾನು ಇಟ್ಟುಕೊಂಡು ಓಡಾಡುವವನಿಗೆ ಈ ಹವ್ಯಾಸದವರು ಕೊಟ್ಟ ಬೈಗುಳ.) ಉಪ್ಪು ಹಾಕಿದ ಮಾಂಸ ತನ್ನಿ, ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಬೇಯಿಸಿ. ಅವರೂ ಹಾಗೇ ತಿಂದದ್ದು.

ಮಸಿಪಾತ್ರೆ

ಸ್ವಾಮೀ, ಆ ಯುದ್ಧದಲ್ಲಿ ಸತ್ತವರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಜನ ಸತ್ತದ್ದು ಗುಂಡಿನಿಂದಲ್ಲ, ಕಾಯಿಲೆಯಿಂದ. ಆಮಶಂಕೆ, ಭೇದಿ, ಟೈಫಾಯ್ಡ್. ಭೇದಿಯನ್ನೂ ಮರುಸೃಷ್ಟಿ ಮಾಡಬೇಕಾ? 20 ಜನರಿಗೆ ಅಡುಗೆ ಮಾಡುವವನು ನಾನು. ಹೊಟ್ಟೆ ಕೆಟ್ಟರೆ ಬೈಸಿಕೊಳ್ಳುವವನೂ ನಾನೇ.

ಹಳೇಬೂಟು

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಕಂಬಳಿಯನ್ನಾದರೂ ಸರಿಯಾಗಿ ಮುಚ್ಚಿ. ಹೋದ ಸಲ ನೀಲಿ ಮುಚ್ಚಳ ಕಾಣುತ್ತಿತ್ತು.

ಸೂಜಿದಾರ

ಇಬ್ಬರೂ ಸಾಕು ಮಾಡಿ. ಬಟ್ಟೆಯ ವಿಷಯಕ್ಕೆ ನಾನು ಬರುತ್ತೇನೆ.

ಹೊಸಬರು ಕೇಳುವ ಮೊದಲ ಪ್ರಶ್ನೆ, ಜುಲೈ ಬಿಸಿಲಲ್ಲಿ ಉಣ್ಣೆ ಯಾಕೆ? ಅವರು ಹಾಕಿದ್ದರು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ನಿಮ್ಮ ಚರ್ಮ. ಸಿಂಥೆಟಿಕ್ ಬಟ್ಟೆಗೆ ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಉಣ್ಣೆ ಕರಕಲಾಗಿ ಅಲ್ಲಿಗೇ ನಿಲ್ಲುತ್ತದೆ. ಬೆಂಕಿ ಮತ್ತು ಮದ್ದಿನ ನಡುವೆ ಎರಡು ದಿನ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ. ಒಳಗೆ ಹತ್ತಿಯ ಅಂಗಿ ಇರಲಿ.

ಹೊಲಿಗೆ ಎಣಿಸುವವರ ಬಗ್ಗೆ ಒಂದು ಮಾತು. ನಮ್ಮಲ್ಲಿ ಕೆಲವರು ಕೋಟಿನ ಒಳಮೈ ತಿರುಗಿಸಿ, ಮೆಷಿನ್ ಹೊಲಿಗೆ ಕಂಡರೆ ಮುಖ ಸಿಂಡರಿಸುತ್ತಾರೆ. 1860ರ ಹೊತ್ತಿಗೆ ಹೊಲಿಗೆ ಯಂತ್ರ ಬಂದಾಗಿತ್ತು, ಗುತ್ತಿಗೆದಾರರು ಅದರಲ್ಲೇ ಸಾವಿರಗಟ್ಟಲೆ ಸಮವಸ್ತ್ರ ಹೊಲಿಸಿದರು. ಅದೇ ಹೊತ್ತಿಗೆ ಸೇನೆಗೆ ಬಟ್ಟೆ ಮಾಡಿಸುತ್ತಿದ್ದ ಫಿಲಡೆಲ್ಫಿಯಾದ ಸರ್ಕಾರಿ ಉಗ್ರಾಣ ಷುಯ್ಲ್‌ಕಿಲ್ ಆರ್ಸೆನಲ್‌ನ ಬಟ್ಟೆಗಳು ಕೈಹೊಲಿಗೆಯವು. ಹೆಂಗಸರು ಕತ್ತರಿಸಿದ ತುಂಡುಗಳನ್ನು ಮನೆಗೆ ಒಯ್ದು ಹೊಲಿದು ತಂದುಕೊಡುತ್ತಿದ್ದರು. ಹಾಗಾಗಿ ನೀವು ಯಾರು ಮಾಡಿಸಿದ ಕೋಟನ್ನು ನಕಲು ಮಾಡುತ್ತಿದ್ದೀರಿ ಅನ್ನುವುದು ಮೊದಲು ತಿಳಿದಿರಬೇಕು. ಆಮೇಲೆ ಹೊಲಿಗೆ ಎಣಿಸಿ. ಗುಂಡಿಮನೆ ಮಾತ್ರ ಕೈಯಲ್ಲೇ ಹಾಕಿ. ಮೆಷಿನ್ ಗುಂಡಿಮನೆ ಹತ್ತು ಅಡಿ ದೂರದಿಂದ ಗೊತ್ತಾಗುತ್ತದೆ.

ಚೀಲದಲ್ಲಿ ಸೂಜಿ, ದಾರ, ಎರಡು ಗುಂಡಿ ಇರುವ ಒಂದು ಸುರುಳಿ ಇಟ್ಟುಕೊಳ್ಳಿ. ಸಿಪಾಯಿಗಳು ಅದನ್ನು ಹೌಸ್‌ವೈಫ್ ಅನ್ನುತ್ತಿದ್ದರು. ಗಂಡಸರೇ, ಅದನ್ನು ನನ್ನ ಹತ್ತಿರ ತಂದು ಕೊಡುವುದಕ್ಕಲ್ಲ, ನೀವೇ ಹೊಲಿದುಕೊಳ್ಳುವುದಕ್ಕೆ.

ಎಂಟರಲ್ಲೊಬ್ಬ

ನಾನು ರೋಮನ್ ಸಿಪಾಯಿಯ ವೇಷ ಹಾಕುವ ಕಡೆಯವನು, ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಿಮ್ಮದು ಇಬ್ಬರ ಡೇರೆ, ನಮ್ಮದು ಎಂಟು ಜನರದು. ಆ ಎಂಟು ಜನರ ಗುಂಪಿಗೆ ಕಾಂಟುಬರ್ನಿಯಂ ಅಂತ ಹೆಸರು. ಒಟ್ಟಿಗೆ ಮಲಗುವುದು, ಒಟ್ಟಿಗೆ ಅಡುಗೆ. ಬೀಸುವ ಕಲ್ಲನ್ನು, ಡೇರೆಯನ್ನು ಹೊರಲು ಒಂದು ಹೇಸರಗತ್ತೆ. ಡೇರೆ ಮೇಕೆ ಚರ್ಮದ್ದು. ಅದಕ್ಕೆ ಪ್ಯಾಪಿಲಿಯೊ, ಅಂದರೆ ಚಿಟ್ಟೆ, ಅಂತ ಕರೆಯುತ್ತಿದ್ದರು. ಒದ್ದೆಯಾದರೆ ಎಂಟು ಜನ ಸೇರಿದರೂ ಎತ್ತುವುದು ಕಷ್ಟ, ಚಿಟ್ಟೆಯಂತೆ ಚಿಟ್ಟೆ!

ಬ್ರಿಟನ್ನಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಹತ್ತಿರ ವಿಂಡೊಲಾಂಡಾ ಅನ್ನುವ ಕೋಟೆಯಲ್ಲಿ ಇಂಥ ಡೇರೆಯ ಚರ್ಮದ ತುಂಡುಗಳು, ಬೂಟುಗಳು, ತೆಳು ಮರದ ಹಲಗೆ ಮೇಲೆ ಮಸಿಯಲ್ಲಿ ಬರೆದ ಪತ್ರಗಳು ಸಿಕ್ಕಿವೆ. ಒಂದು ಪತ್ರದಲ್ಲಿ ಕಾಲುಚೀಲ, ಚಪ್ಪಲಿ, ಒಳಚಡ್ಡಿ ಕಳಿಸಿದ್ದೇವೆ ಅಂತ ಇದೆ. ಎರಡು ಸಾವಿರ ವರ್ಷ ಆಗುತ್ತಾ ಬಂತು. ಸಿಪಾಯಿಯ ಚಿಂತೆ ಕಾಲುಚೀಲದಿಂದ ಮುಂದೆ ಹೋಗಿಲ್ಲ.

ಕಂಬಳಿಸುರುಳಿ ಅವರ ಕೊನೆಯ ಪ್ರಶ್ನೆಗೆ ನಮ್ಮ ಕಡೆಯ ಒಂದು ಉದಾಹರಣೆ. 1985ರಲ್ಲಿ ಜರ್ಮನಿಯ ಇತಿಹಾಸಕಾರ ಮಾರ್ಕುಸ್ ಯುಂಕೆಲ್‌ಮನ್ ಕೆಲವರನ್ನು ಕಟ್ಟಿಕೊಂಡು ರೋಮನ್ ವೇಷ, ರೋಮನ್ ಹೊರೆ ಸಮೇತ ವೆರೋನಾದಿಂದ ಆಲ್ಪ್ಸ್ ದಾಟಿ ಆಗ್ಸ್‌ಬರ್ಗ್‌ವರೆಗೆ 500 ಕಿಲೋಮೀಟರ್‌ಗೂ ಜಾಸ್ತಿ ನಡೆದರು. ಒಂದು ಕದನವೂ ಇಲ್ಲ. ನಡೆಯುವುದು, ಬೇಯಿಸುವುದು, ಮಲಗುವುದು, ಮತ್ತೆ ನಡೆಯುವುದು. ರೋಮನ್ ಸಿಪಾಯಿಯ ಹೊರೆ, ಬೂಟು, ಊಟದ ಬಗ್ಗೆ ಮಾತಾಡುವವರು ಇವತ್ತಿಗೂ ಆ ನಡಿಗೆಯನ್ನು ನೆನೆಯುತ್ತಾರೆ.

ನಿಜವೇನು

ಎಲ್ಲರೂ ಮಜವಾಗಿ ಮಾತಾಡುತ್ತಿದ್ದೀರಿ, ನಾನು ಕೊಂಚ ಹುಳಿ ಹಿಂಡುತ್ತೇನೆ. ಆ ಯುದ್ಧದಲ್ಲಿ ಸತ್ತವರು 6,20,000 ಅಂತ ಹಳೆಯ ಲೆಕ್ಕ, ಈಚಿನ ಅಂದಾಜು ಏಳೂವರೆ ಲಕ್ಷದವರೆಗೂ ಹೋಗುತ್ತದೆ. ಅದನ್ನು ವಾರದ ಕೊನೆಯ ಆಟ ಮಾಡಿಕೊಳ್ಳುವುದು ಸರಿಯಾ? ಸಾಲಾಗಿ ಬೀಳುವುದು, ಜನ ಚಪ್ಪಾಳೆ ತಟ್ಟುವುದು, ಎದ್ದು ಐಸ್‌ಕ್ರೀಂ ತಿನ್ನುವುದು. ಮತ್ತೆ ಆ ಯುದ್ಧ ನಡೆದದ್ದೇ ಗುಲಾಮಗಿರಿಯ ಪ್ರಶ್ನೆಯ ಮೇಲೆ. ನಿಮ್ಮ ಪಾಳೆಯದಲ್ಲಿ ಗುಂಡಿಮನೆ ಸರಿ ಇದೆ, ಕಾಫಿ ಬೀಜ ಸರಿ ಇದೆ. ಗುಲಾಮರು ಎಲ್ಲಿ?

ಹಳೇಪತ್ರ

ಕೇಳಬೇಕಾದ ಪ್ರಶ್ನೆಯೇ. ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವೀಸ್ ತನ್ನ ರಣಭೂಮಿಗಳಲ್ಲಿ ಕದನದ ನಟನೆಗೆ ಅವಕಾಶವನ್ನೇ ಕೊಡುವುದಿಲ್ಲ. ಎರಡು ಪಕ್ಷ ಎದುರುಬದುರು ನಿಂತು ಗುಂಡು ಹಾರಿಸುವ ಹಾಗಿಲ್ಲ, ಸಾಯುವ ನಾಟಕ ಮಾಡುವ ಹಾಗಿಲ್ಲ. ಅದಕ್ಕೇ ದೊಡ್ಡ ಕದನಗಳೆಲ್ಲ ಪಕ್ಕದ ಖಾಸಗಿ ಹೊಲಗಳಲ್ಲಿ ನಡೆಯುವುದು. 1961ರಲ್ಲಿ ಯುದ್ಧದ ನೂರನೇ ವರ್ಷಕ್ಕೆ ಮನಾಸಸ್ ರಣಭೂಮಿಯಲ್ಲಿ ಸಾವಿರಾರು ಜನರ ಕದನ ಆಡಿಸಿ, ಸಂತೆ ಮಾಡಿದಿರಿ ಅಂತ ಬೈಸಿಕೊಂಡ ಹಿನ್ನೆಲೆ ಇದಕ್ಕಿದೆ. ಆದರೆ ಅದೇ ಜಾಗಗಳಲ್ಲಿ ಪಾಳೆಯ ಹೂಡಿ ಅಡುಗೆ, ಡ್ರಿಲ್, ದಿನಚರಿ ತೋರಿಸಬಹುದು. ಯಾವುದನ್ನು ತೋರಿಸಿದರೆ ಸತ್ತವರಿಗೆ ಅವಮಾನ ಆಗುವುದಿಲ್ಲ ಅಂತ ಅವರು ಯೋಚನೆ ಮಾಡಿ ಎಳೆದ ಗೆರೆ ಅದು.

ಗುಲಾಮರು ಎಲ್ಲಿ ಅಂದಿರಿ. ನಿಜವಾದ ಯೂನಿಯನ್ ಪಾಳೆಯದಲ್ಲಿ ಇದ್ದರು. ತಪ್ಪಿಸಿಕೊಂಡು ಬಂದು ಅಡುಗೆ ಮಾಡಿದರು, ಗಾಡಿ ಹೊಡೆದರು, ಬಟ್ಟೆ ಒಗೆದರು, ಆಮೇಲೆ ಬಂದೂಕನ್ನೂ ಹಿಡಿದರು. ಸೂಸಿ ಕಿಂಗ್ ಟೇಲರ್ ಅನ್ನುವ ಹೆಣ್ಣುಮಗಳು ಗುಲಾಮಗಿರಿಯಲ್ಲಿ ಹುಟ್ಟಿದವಳು. ಕಪ್ಪು ಸಿಪಾಯಿಗಳ ದಳದಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿ, ಅವರಿಗೆ ಓದು ಬರಹ ಕಲಿಸಿದಳು, ಗಾಯಾಳುಗಳನ್ನು ನೋಡಿಕೊಂಡಳು. ಪಾಳೆಯ ಅಂದ ಮೇಲೆ ಇವಳು ಇರಲೇಬೇಕು. ಬರೀ ಕದನ ತೋರಿಸಿದರೆ ಇವಳಿಗೆ ಜಾಗವೇ ಇರುವುದಿಲ್ಲ.

ಕಪ್ಪು ಸಿಪಾಯಿಗಳ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟಿನ ವಿಷಯವೂ ಹಾಗೇ. ಅವರು ವ್ಯಾಗ್ನರ್ ಕೋಟೆಗೆ ನುಗ್ಗಿದ್ದು ಎಲ್ಲರಿಗೂ ಗೊತ್ತು. ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರ್ ಕೊಟ್ಟು, ಇವರಿಗೆ 10 ಕೊಟ್ಟು, ಅದರಲ್ಲೂ ಬಟ್ಟೆಗೆ ಅಂತ 3 ಹಿಡಿದುಕೊಳ್ಳುತ್ತೇವೆ ಅಂದಾಗ, ಇವರು ಸಂಬಳವನ್ನೇ ಬೇಡ ಅಂದರು. ಒಂದು ವರ್ಷಕ್ಕೂ ಜಾಸ್ತಿ ಕಾಸು ಮುಟ್ಟದೆ ದುಡಿದರು. ಈ ಜಗಳ ನಡೆದದ್ದು ಪಾಳೆಯದಲ್ಲಿ, ಸಂಬಳದ ಮೇಜಿನ ಮುಂದೆ. ಆ ದಳದ ಹೆಸರಿನಲ್ಲಿ ಇವತ್ತಿಗೂ ಕಪ್ಪು ಜನರ ತಂಡಗಳು ಪಾಳೆಯ ಹೂಡುತ್ತವೆ. ಅವರ ಪಕ್ಕ ಒಂದು ಸಂಜೆ ಕೂತು ಬನ್ನಿ, ಸರ್.

ನಿಜವೇನು

ಸಂಬಳದ ಕತೆ ಗೊತ್ತಿರಲಿಲ್ಲ. ಐಸ್‌ಕ್ರೀಂ ಮಾತನ್ನು ವಾಪಸ್ ತಗೊಳ್ಳುವುದಿಲ್ಲ, ಆದರೂ ಓದುತ್ತಾ ಇರುತ್ತೇನೆ.

ಸೂಜಿದಾರ

ಹೆಂಗಸರ ಮಾತು ಬಂದಾಗ ಸುಮ್ಮನಿರಲು ಆಗುವುದಿಲ್ಲ. ನಾನು ಪಾಳೆಯದಲ್ಲಿ ಸಿಪಾಯಿ. ಎದೆಗೆ ಬಟ್ಟೆ ಬಿಗಿದು, ಕೂದಲು ಕತ್ತರಿಸಿಯೇ ಹೋಗುತ್ತೇನೆ. ಹೆಂಗಸರು ಎಲ್ಲಿದ್ದರು ಅಂತ ಕೇಳುವವರಿಗೆ: ಗಂಡಿನ ವೇಷದಲ್ಲಿ ಸೇನೆ ಸೇರಿದ ಹೆಂಗಸರು ನಾನೂರಾದರೂ ಇದ್ದರು ಅಂತ ಅಂದಾಜು. ಸಾರಾ ರೊಸೆಟ್ಟಾ ವೇಕ್‌ಮನ್, ಲಯನ್ಸ್ ವೇಕ್‌ಮನ್ ಅಂತ ಹೆಸರು ಬದಲಿಸಿ 153ನೇ ನ್ಯೂಯಾರ್ಕ್ ದಳ ಸೇರಿದಳು. ಮನೆಗೆ ಪತ್ರ ಬರೆದಳು, ಹಣ ಕಳಿಸಿದಳು. 1864ರಲ್ಲಿ ನ್ಯೂ ಆರ್ಲಿಯನ್ಸ್‌ನ ಆಸ್ಪತ್ರೆಯಲ್ಲಿ ಭೇದಿಯಿಂದ ಸತ್ತಳು. ಸಮಾಧಿಯ ಕಲ್ಲಿನ ಮೇಲೆ ಇರುವುದು ಗಂಡಿನ ಹೆಸರೇ.

1989ರಲ್ಲಿ ಆಂಟೀಟಮ್ ರಣಭೂಮಿಯಲ್ಲಿ ಲಾರೆನ್ ಕುಕ್ ಅನ್ನುವವರು ಸಿಪಾಯಿಯ ವೇಷದಲ್ಲಿದ್ದಾಗ, ನೀನು ಹೆಂಗಸು, ನಡಿ ಹೊರಗೆ ಅಂತ ಪಾರ್ಕಿನವರು ಅಂದರು. ಅವರು ಕೋರ್ಟಿಗೆ ಹೋಗಿ 1993ರಲ್ಲಿ ಗೆದ್ದರು. ನಾನು ಇವತ್ತು ಸಾಲಿನಲ್ಲಿ ನಿಲ್ಲುವುದು ಅವರ ದಯೆ.

ಆದರೆ ವೇಷ ಚೆನ್ನಾಗಿರಬೇಕು. ಕಿವಿಯಲ್ಲಿ ಓಲೆ, ಉಗುರಿಗೆ ಬಣ್ಣ ಹಾಕಿಕೊಂಡು ಹಕ್ಕಿನ ಮಾತಾಡಿದರೆ ನಾನೇ ಬೈಯುತ್ತೇನೆ. ಆ ಹೆಂಗಸರು ಸಿಕ್ಕಿಬೀಳದೆ ಬದುಕಿದವರು. ನಾವೂ ಹತ್ತು ಅಡಿ ದೂರದಿಂದ ಸಿಕ್ಕಿಬೀಳಬಾರದು.

ಮದ್ದಿನಚೀಲ

ಸುರಕ್ಷತೆ ಬಗ್ಗೆ ಚಿಕ್ಕದಾಗಿ. ಕಂಬಳಿಸುರುಳಿ ಅವರಿಗೆ ತೋಟೆ ಕೊಡಲಿಲ್ಲ ಅಂದರಲ್ಲ, ಅದು ಒಳ್ಳೆಯ ತುಕಡಿ. ಬಿಡಬೇಡಿ. ನಾವು ಹಾಕುವುದು ಬರೀ ಮದ್ದು. ಗುಂಡೂ ಇಲ್ಲ, ಕಾಗದವನ್ನು ಒಳಗೆ ತುರುಕುವುದೂ ಇಲ್ಲ. ಕದನದ ವೇಳೆ ಗಜಕಡ್ಡಿಯನ್ನು (ನಳಿಕೆಯೊಳಗೆ ಮದ್ದು ಗಿಡಿಯುವ ಕೋಲು) ಹೊರಗೇ ತೆಗೆಯಬಾರದು. ಗಡಿಬಿಡಿಯಲ್ಲಿ ಅದು ನಳಿಕೆಯಲ್ಲೇ ಉಳಿದರೆ ಬಾಣದ ಹಾಗೆ ಹಾರುತ್ತದೆ. ಎದುರಿನವರು ಹತ್ತಿರ ಬಂದರೆ ನಳಿಕೆ ತಲೆಗಿಂತ ಮೇಲಕ್ಕೆ. ಸಂಜೆ ಕುದಿಯುವ ನೀರು ಹೊಯ್ದು ನಳಿಕೆ ತೊಳೆಯಿರಿ, ಒರೆಸಿ, ಎಣ್ಣೆ ಹಚ್ಚಿ. ಕಪ್ಪು ಮದ್ದಿನ ಮಸಿ ಒಂದೇ ರಾತ್ರಿಯಲ್ಲಿ ತುಕ್ಕು ಎಬ್ಬಿಸುತ್ತದೆ.

ನಾನು ನೋಡಿದ ಅವಘಡಗಳಲ್ಲಿ ಜಾಸ್ತಿ ಮದ್ದಿನದಲ್ಲ, ಬಿಸಿಲಿನದು. ನೀರು ಕುಡಿಯಿರಿ. ನಿಜವಾಗಿ ಕುಸಿದರೆ ಏನು ಕೂಗಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಇಲ್ಲವಾದರೆ, ಆಹಾ ಎಷ್ಟು ಚೆನ್ನಾಗಿ ಸಾಯುತ್ತಾನೆ ಅಂತ ಎಲ್ಲ ನೋಡುತ್ತಾ ನಿಲ್ಲುತ್ತಾರೆ.

ಹಳೇಬೂಟು

ಕೊನೆಯ ಪ್ರಶ್ನೆಗೆ ಬರುತ್ತೇನೆ ಅಂದಿದ್ದೆ. ಇವತ್ತು ಬಿಡುವಿದೆ.

ಆ ಯುದ್ಧದ ಫೋಟೋಗಳನ್ನು ನೋಡಿದ್ದೀರಲ್ಲ? ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ಗಾಜಿನ ನೆಗೆಟಿವ್‌ಗಳನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಬಿಟ್ಟಿದೆ. ಹುಡುಕಿ ನೋಡಿ, ಓಡುವ ಸಿಪಾಯಿ ಸಿಗುವುದಿಲ್ಲ. ಆಗಿನ ಕ್ಯಾಮೆರಾಕ್ಕೆ ಕೆಲವು ಸೆಕೆಂಡ್ ಎಲ್ಲರೂ ಅಲ್ಲಾಡದೆ ಇರಬೇಕಿತ್ತು. ಗಾಜಿಗೆ ರಾಸಾಯನಿಕ ಸವರಿ, ಒದ್ದೆ ಆರುವ ಮುಂಚೆ ಫೋಟೋ ತೆಗೆದು, ಗಾಡಿಯಲ್ಲಿದ್ದ ಕತ್ತಲೆ ಕೋಣೆಗೆ ಓಡಬೇಕಿತ್ತು. ಆದ್ದರಿಂದ ಅವರಿಗೆ ಸಿಕ್ಕಿದ್ದು ಎರಡೇ, ಪಾಳೆಯದಲ್ಲಿ ಕೂತವರು ಮತ್ತು ಹೊಲದಲ್ಲಿ ಸತ್ತವರು. ನಡುವೆ ಏನಾಯಿತೋ ಅದರ ಚಿತ್ರ ಇಲ್ಲವೆನ್ನುವಷ್ಟು ಕಡಿಮೆ.

ನಾವು ಆ ನಡುವಿನದನ್ನು ಆಡಲು ಹೋಗುತ್ತೇವೆ. ಅದಕ್ಕೇ ಅದು ಯಾವಾಗಲೂ ನಾಟಕದ ಹಾಗೆ ಕಾಣುತ್ತದೆ. ನಮ್ಮ ಕದನದಲ್ಲಿ ಯಾರಿಗೂ ಭಯ ಇಲ್ಲ. ಭಯ ಇಲ್ಲದ ಮೇಲೆ ಉಳಿಯುವುದು ಸದ್ದು ಮತ್ತು ಹೊಗೆ ಅಷ್ಟೇ. ಪಾಳೆಯದಲ್ಲಿ ಹಾಗಲ್ಲ. ಅವರ ಕೋಟು ಒದ್ದೆಯಾದಷ್ಟೇ ನಮ್ಮದೂ ಒದ್ದೆಯಾಗುತ್ತದೆ. ಸ್ಪ್ರಿಂಗ್‌ಫೀಲ್ಡ್ ಬಂದೂಕು ಅವತ್ತೂ 4 ಕಿಲೋ, ಇವತ್ತೂ 4 ಕಿಲೋ. ಹೊಗೆ ನಮ್ಮ ಕಣ್ಣಿಗೂ ಅಷ್ಟೇ ಉರಿ. ಬೇಜಾರಂತೂ ಸಾಚಾ ಬೇಜಾರು.

ಫೋಟೋಗಳನ್ನು ಜೂಮ್ ಮಾಡಿ ನೋಡಿ. ನಾನು ಗಂಟೆಗಟ್ಟಲೆ ನೋಡಿದ್ದೇನೆ. ಒಬ್ಬನ ಟೋಪಿ ಇನ್ನೊಬ್ಬನ ಹಾಗಿಲ್ಲ. ಅರ್ಧ ಜನ ಕೋಟಿನ ಗುಂಡಿ ಹಾಕಿಲ್ಲ. ಡೇರೆ ಮುಂದೆ ಮರದ ಕೊಂಬೆ ಹೊದಿಸಿ ಚಪ್ಪರ ಮಾಡಿಕೊಂಡಿದ್ದಾರೆ. ಚಳಿಗಾಲ ಬಂದರೆ ದಿಮ್ಮಿ ಕಡಿದು ಗುಡಿಸಲು ಕಟ್ಟಿ, ತೂತಾದ ಪೀಪಾಯಿಯನ್ನೇ ಹೊಗೆಗೂಡು ಮಾಡಿದ್ದಾರೆ. 1863-64ರ ಚಳಿಗಾಲದಲ್ಲಿ ವರ್ಜೀನಿಯಾದ ಬ್ರಾಂಡಿ ಸ್ಟೇಷನ್ ಸುತ್ತ ಲಕ್ಷಕ್ಕೂ ಹೆಚ್ಚು ಜನ ಹೀಗೆ ಕಳೆದರು. ಒಂದು ಪಟ್ಟಣವೇ ಎದ್ದು, ವಸಂತದಲ್ಲಿ ಖಾಲಿಯಾಯಿತು.

ಈಗ ನಮ್ಮ ಪಾಳೆಯಗಳನ್ನು ನೋಡಿ. ಸಾಮಾನ್ಯ ಸಿಪಾಯಿ ಕರ್ನಲ್ಲಿನ ಹಾಗೆ ನಿಲುವು ಗೋಡೆಯ ಡೇರೆ ಹಾಕಿ, ಒಳಗೆ ಮಂಚ, ನೆಲಕ್ಕೆ ಜಮಖಾನೆ! ಯುದ್ಧ ಶುರುವಾದಾಗ ಸಿಬ್ಲಿ ಡೇರೆಗಳಿದ್ದವು ನಿಜ. ಶಂಕುವಿನ ಆಕಾರ, ಹನ್ನೆರಡು ಜನ ಗಾಡಿ ಚಕ್ರದ ಕಡ್ಡಿಗಳ ಹಾಗೆ ಮಧ್ಯಕ್ಕೆ ಕಾಲು ಚಾಚಿ ಮಲಗುತ್ತಿದ್ದರು. ಆದರೆ ಅವುಗಳನ್ನು ಹೊರಲು ಗಾಡಿ ಬೇಕು. ದಂಡು ನಡೆಯಲು ಶುರು ಮಾಡಿದ ಮೇಲೆ ಉಳಿದದ್ದು ನಿಮ್ಮ ಆ ಅರ್ಧ ಬಟ್ಟೆಯೇ. ನೀವು ಮೊದಲ ಸಲವೇ ಸರಿಯಾದ ಡೇರೆಯಲ್ಲಿ ನೆನೆದಿದ್ದೀರಿ, ಕಂಬಳಿಸುರುಳಿ ಅವರೇ.

ಹಳೇಪತ್ರ

ಇದಕ್ಕೆ ಒಂದು ಸೇರಿಸುತ್ತೇನೆ. 1913ರಲ್ಲಿ ಗೆಟಿಸ್‌ಬರ್ಗ್ ಕದನದ ಐವತ್ತನೇ ವರ್ಷಕ್ಕೆ ಎರಡೂ ಪಕ್ಷದ 50,000ಕ್ಕೂ ಹೆಚ್ಚು ಹಳೆಯ ಸಿಪಾಯಿಗಳು ಬಂದರು. ಎಲ್ಲರೂ ಮುದುಕರು. ಜುಲೈ ಬಿಸಿಲಲ್ಲಿ ಸಾಲು ಸಾಲು ಡೇರೆಗಳಲ್ಲಿ ಮಲಗಿದರು. ದಕ್ಷಿಣದ ಜನರಲ್ ಪಿಕೆಟ್‌ನ ದಂಡು ನುಗ್ಗಿದ ಆ ಬಯಲಿನಲ್ಲಿ ದಕ್ಷಿಣದವರು ಕೋಲೂರಿಕೊಂಡು ಮತ್ತೆ ನಡೆದು ಬಂದರು, ಉತ್ತರದವರು ಕಲ್ಲು ಗೋಡೆಯ ಹತ್ತಿರ ನಿಂತು ಕೈ ಕುಲುಕಿದರು. ಅವರ ರೀಎನಾಕ್ಟ್‌ಮೆಂಟ್ ಅಷ್ಟೇ. ಉಳಿದ ದಿನಗಳೆಲ್ಲ ಡೇರೆ ಮುಂದೆ ಕೂತು ಮಾತು. ನಿಜವಾಗಿ ಇದ್ದವರಿಗೂ ಮತ್ತೆ ಬೇಕಾದದ್ದು ಪಾಳೆಯವೇ ಅಲ್ವಾ?

ನಿಜವೇನು

ಆ ಕೈ ಕುಲುಕಿದ ಫೋಟೋದಲ್ಲಿ ಕಪ್ಪು ಸಿಪಾಯಿಗಳು ಎಷ್ಟು ಜನ ಇದ್ದಾರೆ ಅಂತಲೂ ಜೂಮ್ ಮಾಡಿ ನೋಡಿ.

ಹಳೇಪತ್ರ

ನೋಡಿದ್ದೇನೆ. ನಿಮ್ಮ ಮಾತು ಸರಿ. ಆ ಒಗ್ಗಟ್ಟಿನ ಸಂಭ್ರಮದಲ್ಲಿ ಅವರನ್ನು ಬದಿಗೆ ಸರಿಸಿದರು. ಇದನ್ನು ಹೇಳದೆ ಕೈ ಕುಲುಕಿದ್ದನ್ನು ಮಾತ್ರ ಹೇಳಿದ್ದು ನನ್ನ ತಪ್ಪು.

ಕಂಬಳಿಸುರುಳಿ

ತಡವಾಗಿ ಬರೆಯುತ್ತಿದ್ದೇನೆ. ಎರಡನೇ ಪಾಳೆಯ ಮುಗಿಸಿ ನಿನ್ನೆ ಬಂದೆ. ಈ ಸಲ ಕದನವೇ ಇರಲಿಲ್ಲ, ಎರಡು ದಿನ ಬರೀ ಪಾಳೆಯ.

ಶುಕ್ರವಾರ ರಾತ್ರಿ ಕಾವಲು ಹಾಕಿದರು. ಎರಡು ಗಂಟೆ ನಿಲ್ಲುವುದು, ನಾಲ್ಕು ಗಂಟೆ ಬಿಡುವು, ಹೀಗೆ ಮೂರು ಪಾಳಿ. ನನ್ನದು ಹನ್ನೆರಡರಿಂದ ಎರಡು. ಕಾಯುವುದಕ್ಕೆ ಏನೂ ಇರಲಿಲ್ಲ, ಒಂದು ಸೌದೆ ರಾಶಿ ಮತ್ತು ಮಸಿಪಾತ್ರೆ ಅವರ ಐಸ್ ಬಾಕ್ಸ್. ಮಲಗುವ ಮುಂಚೆ ಯಾರೋ ಕಹಳೆಯಲ್ಲಿ ಟ್ಯಾಪ್ಸ್ ಊದಿದರು. 1862ರ ಜುಲೈನಲ್ಲಿ ಹ್ಯಾರಿಸನ್ಸ್ ಲ್ಯಾಂಡಿಂಗ್ ಪಾಳೆಯದಲ್ಲಿ ಜನರಲ್ ಬಟರ್‌ಫೀಲ್ಡ್ ಹಳೆಯದೊಂದು ಕರೆಯನ್ನು ತಿದ್ದಿ ಮಾಡಿದ್ದು ಅಂತ ಸಾರ್ಜೆಂಟ್ ಹೇಳಿದರು. ನಾನು ಅದನ್ನು ಸಾವಿನ ರಾಗ ಅಂದುಕೊಂಡಿದ್ದೆ. ಹುಟ್ಟಿದ್ದು ದೀಪ ಆರಿಸಿ ಮಲಗಿ ಅನ್ನುವುದಕ್ಕಂತೆ. ಕತ್ತಲಲ್ಲಿ ಅದು ಕೇಳಿ ಮುಗಿದ ಮೇಲೆ ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಯಾರೋ ಗೊರಕೆ ಹೊಡೆದರು.

ಕಾಫಿ ಬೀಜ ನಾನೇ ಹುರಿದೆ. ಅರ್ಧ ಹಸಿ, ಅರ್ಧ ಇದ್ದಿಲು. ಎಲ್ಲರೂ ಕುಡಿದರು, ಒಬ್ಬರೂ ಏನೂ ಅನ್ನಲಿಲ್ಲ. ಅದು ಮರ್ಯಾದೆಯೋ ಶಿಕ್ಷೆಯೋ ತಿಳಿಯಲಿಲ್ಲ. ಬಯೊನೆಟ್ಟನ್ನು ನೆಲಕ್ಕೆ ಚುಚ್ಚಿ, ಅದರ ತೂತಿಗೆ ಮೇಣದಬತ್ತಿ ಸಿಕ್ಕಿಸಿ ಮನೆಗೆ ಒಂದು ಕಾಗದ ಬರೆದೆ. ಬರೆಯಲು ಕೂತರೆ ಹೇಳುವುದಕ್ಕೆ ಕಾಲುಚೀಲ, ಮಳೆ, ಊಟ ಬಿಟ್ಟು ಬೇರೆ ಏನೂ ಹೊಳೆಯಲಿಲ್ಲ.

ಹಳೇಬೂಟು ಸರ್, ಸಾಲ ತಂದ ಬೂಟಿನಿಂದ ಈ ಸಲವೂ ಎರಡು ಗುಳ್ಳೆ. ಅರ್ಧ ಇಂಚು ಸಣ್ಣದು. ಒಣಹುಲ್ಲಿನ ಮಾತು ಮಾತ್ರ ನಿಜ, ಬೆಚ್ಚಗೆ ಮಲಗಿದೆ.

ಶನಿವಾರ ರಾತ್ರಿ ಮತ್ತೆ ಮಳೆ ಬಂತು. ಹಳೆಯ ಜೊತೆಗಾರನೇ ಇದ್ದ. ಮೊದಲ ಹನಿ ಬಿದ್ದ ಕೂಡಲೇ ಕತ್ತಲಲ್ಲೇ ತಡವರಿಸಿ ನನ್ನ ಬಲಗೈ ಹಿಡಿದುಕೊಂಡ. ಬೆಳಗಿನ ತನಕ ಬಿಡಲಿಲ್ಲ.

ಹಳೇಬೂಟು

ಜಾಣ ಅವನು. ನಿಮ್ಮ ಪಾದದ ಅಳತೆ ತಿಳಿಸಿ. ಹಿಮ್ಮಡಿಯಿಂದ ಹೆಬ್ಬೆರಳ ತುದಿಗೆ, ಸಂಜೆ ಹೊತ್ತು ಅಳೆಯಿರಿ, ಉಣ್ಣೆ ಕಾಲುಚೀಲ ಹಾಕಿಕೊಂಡು. ನನ್ನ ಹತ್ತಿರ ಒಂದು ಜೊತೆ ಪಳಗಿದ್ದು ಸುಮ್ನೆ ಬಿದ್ದಿದೆ. ಲಾಳ ಒಂದು ಸಡಿಲವಾಗಿದೆ, ಹೊಡೆಸಿಕೊಳ್ಳಬೇಕು.